ಶಕ್ತಿಯ ಪಾಠಕ್ಕೆ ಸಾಮಗ್ರಿ ಹುಡುಕಿ ಹೊರಟಾಗ

ಶಕ್ತಿ ಸಂರಕ್ಷಣೆಯ, ಅಂದರೆ ಶಕ್ತಿ ರೂಪ ಬದಲಿಸಿದರೂ ಒಟ್ಟು ಮೊತ್ತ ಬದಲಾಗದು ಎಂಬ ನಿಯಮದ, ಪಾಠಕ್ಕೆಂದು ಎರಡು ರಾತ್ರಿ ಅಂತರ್ಜಾಲ ಜಾಲಾಡಿದೆ. ಸಿಕ್ಕಿದ್ದರಲ್ಲಿ ಬಹುಪಾಲು ಬಣ್ಣದ ಚಿತ್ರಗಳು. ಮಕ್ಕಳು ನೋಡಬಹುದು, ಮಾಡಲು ಏನೂ ಇಲ್ಲ. ಕೊನೆಗೆ ನೆಚ್ಚಿಕೊಂಡದ್ದು ಫೆಟ್ (PhET) ಸಿಮ್ಯುಲೇಷನ್‌ಗಳನ್ನು, ಅಂದರೆ ಕಂಪ್ಯೂಟರ್ ಪರದೆಯ ಮೇಲೆ ನಾವೇ ಬದಲಿಸಿ ನೋಡಬಹುದಾದ ಪ್ರಯೋಗಗಳನ್ನು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆಯಿದು, ಬಳಕೆ ಉಚಿತ.

ಅದರಲ್ಲೊಂದು ಸ್ಕೇಟ್‌ಬೋರ್ಡ್ ಆಟ. ಆಟಗಾರ್ತಿ ಇಳಿಜಾರಿನಲ್ಲಿ ಜಾರಿದಂತೆ, ಪಕ್ಕದ ನಕ್ಷೆಯಲ್ಲಿ ಪ್ರಚ್ಛನ್ನ ಶಕ್ತಿಯ (ಎತ್ತರದಿಂದ ಬರುವ ಶಕ್ತಿಯ) ಪಟ್ಟಿ ಕುಗ್ಗಿ, ಚಲನ ಶಕ್ತಿಯ ಪಟ್ಟಿ ಏರುತ್ತದೆ. ತರಗತಿಯಲ್ಲಿ ತೋರಿಸುವಾಗ ಘರ್ಷಣೆ ಸೇರಿಸಿದೆ. ಪ್ರತಿ ಸಲವೂ ಅವಳು ಏರುವ ಎತ್ತರ ತಗ್ಗುತ್ತಾ ಹೋಯಿತು, ಉಷ್ಣದ ಪಟ್ಟಿ ಬೆಳೆಯಿತು. ‘ಒಟ್ಟು’ ಎಂಬ ಪಟ್ಟಿ ಮಾತ್ರ ಕದಲಲಿಲ್ಲ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ಮೇಡಂ, ಅಂಗೈ ಉಜ್ಜಿದರೆ ಬಿಸಿಯಾಗುವುದೂ ಇದರಿಂದಲೇ ಅಲ್ಲವೇ?” ಎಂದಳು. ಇಡೀ ತರಗತಿ ಕೈ ಉಜ್ಜತೊಡಗಿತು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಮಗು ಒಂದು ಅಂಶವನ್ನು ಬದಲಿಸಿ, ಮುಂದೇನಾಗುತ್ತದೆಂದು ಊಹಿಸಲು ಅವಕಾಶವಿಲ್ಲದ ಸಾಮಗ್ರಿಯನ್ನು ನಾನೀಗ ಬಳಸುವುದಿಲ್ಲ. ಫೆಟ್‌ನಲ್ಲಿ ಬೇರೆ ಶಿಕ್ಷಕರು ಬರೆದ ಚಟುವಟಿಕೆ ಹಾಳೆಗಳೂ ಸಿಗುತ್ತವೆ; ಇಳಿಸಿಕೊಂಡರೆ ಸಿಮ್ಯುಲೇಷನ್‌ಗಳು ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ.

ಮುಂದಿನ ವಾರಕ್ಕೆ ಮನೆಯ ವಿದ್ಯುತ್ ಮೀಟರ್ ಓದಿ ಬರಲು ಹೇಳಿದ್ದೇನೆ. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್ (ಜೂಲ್ ಎಂಬುದು ಶಕ್ತಿಯ ಅಳತೆಮಾನ). ಅದನ್ನು ಅವರೇ ಲೆಕ್ಕ ಹಾಕಿ ಕಂಡುಕೊಳ್ಳಲಿ.