ಶಾಯಿಯ ಬಣ್ಣ ಬೇರೆಯಾಗಲಿಲ್ಲ, ಯಾಕ್ರೀ ಸರ?

ವಿಜಯಪುರದ ಕಡೆಯ ಹೈಸ್ಕೂಲುಗಳಲ್ಲಿ ಪೇಪರ್ ಕ್ರೊಮ್ಯಾಟೊಗ್ರಫಿ (ಕಾಗದದಲ್ಲಿ ನೀರು ಏರಿಸಿ ಶಾಯಿಯೊಳಗಿನ ಬಣ್ಣಗಳನ್ನು ಬೇರ್ಪಡಿಸುವ ಪ್ರಯೋಗ) ಮಾಡಿದವರು ಹೆಚ್ಚಾಗಿ ಕೇಳುವುದು ಇದನ್ನೇ: “ಕಪ್ಪು ಶಾಯಿ ಚುಕ್ಕಿ ಇಟ್ಟೇವ್ರಿ, ನೀರೂ ಏರಿತು, ಬಣ್ಣ ಮಾತ್ರ ಬ್ಯಾರೆ ಆಗಲಿಲ್ಲ.”

ಮೊದಲು ಪೆನ್ನು ನೋಡಿ. ಬಾಲ್ ಪೆನ್ನು, ಪರ್ಮನೆಂಟ್ ಮಾರ್ಕರ್‌ಗಳ ಶಾಯಿ ನೀರಿಗೆ ಕರಗುವುದಿಲ್ಲ, ಇಟ್ಟಲ್ಲೇ ಕೂತಿರುತ್ತದೆ. ಮಕ್ಕಳ ಸ್ಕೆಚ್ ಪೆನ್ನಿನ ಕಪ್ಪು ಒಳ್ಳೆಯದು. ಕಾಗದ ಫಿಲ್ಟರ್ ಪೇಪರೇ ಆಗಬೇಕು. ನೋಟ್‌ಬುಕ್ ಹಾಳೆಗೆ ನೀರು ಹೀರದಂತೆ ಲೇಪ ಕೊಟ್ಟಿರುತ್ತಾರೆ.

ಆದರೂ ಹೆಚ್ಚಿನ ಪ್ರಯೋಗ ಕೆಡುವುದು ಚುಕ್ಕಿಯಲ್ಲೇ. ಅದು 2 ಮಿ.ಮೀ. ಮೀರಬಾರದು. ದೊಡ್ಡದಾದರೆ ಬಣ್ಣಗಳು ಒಂದರ ಮೇಲೊಂದು ಬಿದ್ದು ಬಾಲದಂತೆ ಎಳೆಯುತ್ತವೆ. ಸಣ್ಣಗೆ ಇಟ್ಟು, ಒಣಗಿಸಿ, ಅದೇ ಜಾಗದಲ್ಲಿ ಮೂರ್ನಾಲ್ಕು ಸಲ ಇಡಿ. ಚುಕ್ಕಿ ಇಡುವ ಗೆರೆ ಕಾಗದದ ಬುಡದಿಂದ 2 ಸೆಂ.ಮೀ. ಮೇಲಿರಲಿ, ಪೆನ್ಸಿಲ್ಲಿನದೇ ಇರಲಿ. ಪೆನ್ನಿನ ಗೆರೆ ತಾನೇ ಕರಗಿ ಏರುತ್ತದೆ. ಜಾರಿನಲ್ಲಿ ನೀರು 1 ಸೆಂ.ಮೀ. ಸಾಕು. ಚುಕ್ಕಿ ಮುಳುಗಿತೆಂದರೆ ಶಾಯಿ ಕಾಗದ ಹತ್ತುವುದಿಲ್ಲ, ನೀರಿಗಿಳಿಯುತ್ತದೆ.

ನಮ್ಮ ಬೇಸಿಗೆಯದು ಇನ್ನೊಂದು ತೊಂದರೆ. ಏಪ್ರಿಲ್‌ನ ಒಣಹವೆಯಲ್ಲಿ ಕಾಗದ ಏರುವ ನೀರು ಅರ್ಧ ದಾರಿಯಲ್ಲೇ ಆರಿ, ಮೇಲಕ್ಕೆ ಹೋಗದೆ ನಿಲ್ಲುತ್ತದೆ. ಜಾರಿಗೆ ನೀರು ಹಾಕಿ, ಮೇಲೆ ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟು ಆಮೇಲೆ ಕಾಗದ ಇಳಿಬಿಡಿ, ಮತ್ತೆ ಮುಚ್ಚಿ. ಕಾಗದ ಜಾರಿನ ಗೋಡೆಗೆ ತಾಗಿದರೆ ನೀರು ಓರೆಯಾಗಿ ಏರುತ್ತದೆ.

ಬೇರೆಯಾಗುವುದು ಹೇಗೆ? ಕಾಗದದ ಸೆಲ್ಯುಲೋಸಿಗೆ ಅಂಟಿಕೊಳ್ಳುವ ಬಣ್ಣ ಹಿಂದುಳಿಯುತ್ತದೆ, ಹರಿಯುವ ದ್ರವದಲ್ಲಿ ಚೆನ್ನಾಗಿ ಕರಗುವುದು ಮುಂದೆ ಓಡುತ್ತದೆ. 1944ರಲ್ಲಿ ಕಾನ್ಸ್‌ಡನ್, ಗಾರ್ಡನ್, ಮಾರ್ಟಿನ್ ಎಂಬ ವಿಜ್ಞಾನಿಗಳು ಕಾಗದದ ಮೇಲೆ ಬೇರ್ಪಡಿಸಿದ್ದು ಪ್ರೋಟೀನಿನ ಘಟಕಗಳಾದ, ಬಣ್ಣವೇ ಇಲ್ಲದ ಅಮೈನೋ ಆಮ್ಲಗಳನ್ನು. ಅವು ಕಣ್ಣಿಗೆ ಕಾಣಲು ನಿನ್‌ಹೈಡ್ರಿನ್ ಎಂಬ, ಅವುಗಳಿಗೆ ಬಣ್ಣ ಬರಿಸುವ ರಾಸಾಯನಿಕ ಸಿಂಪಡಿಸಬೇಕಿತ್ತು.

ನೀರು ಕಾಗದದ ತುದಿಗೆ 1 ಸೆಂ.ಮೀ. ಇರುವಾಗಲೇ ಹೊರತೆಗೆದು, ಅದು ತಲುಪಿದ ಜಾಗಕ್ಕೆ ಕೂಡಲೇ ಪೆನ್ಸಿಲ್ ಗುರುತು ಹಾಕಿ. ಒಣಗಿದ ಮೇಲೆ ಕಾಣುವುದಿಲ್ಲ. ನೀರು 8 ಸೆಂ.ಮೀ., ನೀಲಿಯ ನಡುಭಾಗ 6 ಸೆಂ.ಮೀ. ಏರಿದ್ದರೆ ಆರ್‌ಎಫ್ (ಬಣ್ಣ ಏರಿದ ದೂರವನ್ನು ನೀರು ಏರಿದ ದೂರದಿಂದ ಭಾಗಿಸಿದರೆ ಬರುವ ಸಂಖ್ಯೆ) 0.75. ಎರಡೂ ಅಳತೆ ಪೆನ್ಸಿಲ್ ಗೆರೆಯಿಂದ. ಕಾಗದದ ಬುಡದಿಂದ ಅಳೆದವರಿಗೆ 10ಕ್ಕೆ 8, ಅಂದರೆ 0.80 ಬರುತ್ತದೆ, ಅದು ತಪ್ಪು.

ಈ ಸಂಖ್ಯೆ ಕಾಗದ, ದ್ರವ, ಉಷ್ಣತೆ ಬದಲಾದರೆ ತಾನೂ ಬದಲಾಗುತ್ತದೆ. ಹಾಗಾಗಿ ಬಣ್ಣ ಯಾವುದೆಂದು ಗುರುತಿಸಬೇಕಾದರೆ ಗೊತ್ತಿರುವ ಬಣ್ಣದ ಚುಕ್ಕಿಯನ್ನೂ ಅದೇ ಕಾಗದದಲ್ಲಿ, ಅದೇ ಗೆರೆಯ ಮೇಲೆ ಪಕ್ಕದಲ್ಲೇ ಇಟ್ಟು ಏರಿಸಿ.