ತಲೆಕಟ್ಟು ಪರದೆಯ ಬುಡಕ್ಕೆ ಹೋದ ದಿನ

ನಾನು ಗಣಿತದ ಮೇಷ್ಟ್ರಾಗಿದ್ದವನು. ತಾಲ್ಲೂಕು ಊರಿನ ಒಂದು ಸರ್ಕಾರಿ ಜೂನಿಯರ್ ಕಾಲೇಜಿನ ಹೈಸ್ಕೂಲು ವಿಭಾಗದಲ್ಲಿ ಬಹಳ ವರ್ಷ ಪಾಠ ಮಾಡಿದೆ. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಪರಿಚಯಿಸಲು 'ಕ್ಲಾಸ್' ಅನ್ನುವ ಯೋಜನೆ ಶುರು ಮಾಡಿತು. ಒಂದೆರಡು ವರ್ಷದಲ್ಲಿ ನಮ್ಮಲ್ಲಿಗೂ ಎರಡು ಯಂತ್ರ ಬಂದವು. ಎರಡೂ ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಅಕಾರ್ನ್ ಕಂಪನಿ 1981ರ ಕೊನೆಯಲ್ಲಿ ಹೊರತಂದ ಮಾದರಿ. ಇವತ್ತಿನ ಮೊಬೈಲ್‌ಗಳಲ್ಲಿರುವ ಆರ್ಮ್ ಚಿಪ್ಪಿನ ಬೇರು ಕೂಡ ಅದೇ ಕಂಪನಿಯಲ್ಲಿದೆ ಅಂತ ಆಮೇಲೆ ತಿಳಿದಾಗ ನನಗೆ ನಮ್ಮೂರಿನವರೇ ದೊಡ್ಡವರಾದಷ್ಟು ಖುಷಿಯಾಯಿತು.

ಗಣಿತದವರು ಅನ್ನುವ ಒಂದೇ ಕಾರಣಕ್ಕೆ ಹೆಡ್‌ಮಾಸ್ಟರು ಕಂಪ್ಯೂಟರ್ ಕೋಣೆಯ ಬೀಗದ ಕೈ ನನಗೆ ಕೊಟ್ಟರು. ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸ್ವಲ್ಪ ದಿನ ತರಬೇತಿ ಆಗಿತ್ತು. ಬೇಸಿಕ್ ಅನ್ನುವ ಪ್ರೋಗ್ರಾಮ್ ಭಾಷೆ ಅಷ್ಟಿಷ್ಟು ಬರುತ್ತಿತ್ತು.

ಮಕ್ಕಳು ಮೊದಲ ದಿನವೇ ಕೇಳಿದ್ದು ಒಂದೇ ಪ್ರಶ್ನೆ. "ಸಾರ್, ಇದರಲ್ಲಿ ಕನ್ನಡ ಬರುತ್ತಾ?"

ಬರುತ್ತಿರಲಿಲ್ಲ. ಕೀಲಿಮಣೆಯಲ್ಲೂ ಇಲ್ಲ, ಪರದೆಯಲ್ಲೂ ಇಲ್ಲ. ಆದರೆ ಆ ಯಂತ್ರದಲ್ಲಿ ನಮ್ಮದೇ ಅಕ್ಷರ ಬರೆಯುವ ದಾರಿ ಒಂದಿತ್ತು. ವಿಡಿಯು 23 ಅನ್ನುವ ಆಜ್ಞೆ ಹೊಡೆದು, ಅಕ್ಷರದ ನಂಬರ್ ಕೊಟ್ಟು, ಜೊತೆಗೆ ಎಂಟು ಸಂಖ್ಯೆ ಕೊಟ್ಟರೆ ಎಂಟಕ್ಕೆ ಎಂಟು ಚುಕ್ಕೆಯ ಒಂದು ಚಿತ್ರ ಸಿಗುತ್ತದೆ. ನಾನು ಮೊದಲು ಬರೆದದ್ದು ಸೊನ್ನೆ. ಅಂ, ಕಂ ಅನ್ನುವಾಗ ಹಾಕುತ್ತೇವಲ್ಲ, ಆ ಸೊನ್ನೆ. 60, 66, 129, 129, 129, 129, 66, 60. ಚೌಕುಳಿ ಪುಸ್ತಕದಲ್ಲಿ ಎಂಟು ಮನೆ ಗುರುತು ಹಾಕಿ ನೋಡಿ. ಎಡದಿಂದ ಅವುಗಳ ಬೆಲೆ 128, 64, 32, 16, 8, 4, 2, 1. ಚುಕ್ಕೆ ಇರುವ ಮನೆಗಳ ಬೆಲೆ ಕೂಡಿಸಿದರೆ ಆ ಸಾಲಿನ ಸಂಖ್ಯೆ. 60 ಅಂದರೆ ನಡುವಿನ ನಾಲ್ಕು ಚುಕ್ಕೆ. 129 ಅಂದರೆ ಎರಡು ತುದಿಯಲ್ಲಿ ಒಂದೊಂದು. ಎಂಟೂ ಸಾಲು ಒಂದರ ಕೆಳಗೊಂದು ಇಟ್ಟರೆ ದುಂಡನೆ ಸೊನ್ನೆ ನಿಲ್ಲುತ್ತದೆ. ಅದು ಪರದೆಯ ಮೇಲೆ ಬಂದಾಗ ಇಡೀ ಒಂಬತ್ತನೇ ತರಗತಿ ಚಪ್ಪಾಳೆ ಹೊಡೆದಿತ್ತು.

ಸೊನ್ನೆ ಏನೋ ಆಯಿತು. 'ಅ' ಬರೆಯಲು ಹೋದರೆ ಎಂಟು ಚುಕ್ಕೆಯ ಅಗಲ ಸಾಲದು. 'ಝ' ಅಂತೂ ಹೇಳುವುದೇ ಬೇಡ. ಜೊತೆಗೆ ಆ ದಾರಿಯಲ್ಲಿ ಸುಲಭವಾಗಿ ಸಿಗುವುದು 32 ಅಕ್ಷರದ ಜಾಗ ಮಾತ್ರ. ನಮ್ಮ ವರ್ಣಮಾಲೆಯೇ 49. ಅದರ ಮೇಲೆ ಒತ್ತಕ್ಷರ. ಹಾಗಾಗಿ ನಾನು ಬೇರೆ ದಾರಿ ಹಿಡಿದೆ. ಪರದೆಯ ಮೆಮೊರಿಗೆ ನೇರವಾಗಿ ಕೈ ಹಾಕುವುದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಯಂತ್ರದಲ್ಲಿ ಒಟ್ಟು 32 ಕೆಬಿ ಮೆಮೊರಿ, ಅಂದರೆ 32,768 ಬೈಟ್. ಬೈಟ್ ಅಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಯುವ ಗೂಡು. ಪ್ರತಿ ಗೂಡಿಗೂ 0ಯಿಂದ ಎಣಿಸಿದ ಒಂದು ನಂಬರ್, ಅದೇ ಅದರ ವಿಳಾಸ. ನಿಮ್ಮ ಪ್ರೋಗ್ರಾಮೂ ಅದರಲ್ಲೇ, ಪರದೆಯ ಚಿತ್ರವೂ ಅದರಲ್ಲೇ. ಪರದೆಯ ಬಗೆಗಳಿಗೆ ಮೋಡ್ ಅನ್ನುತ್ತಾರೆ. ಬಣ್ಣ ಬೇಕು ಅಂತ ಮೋಡ್ 1 ಹಾಕಿದರೆ ಪರದೆಗೇ 20 ಕೆಬಿ ಹೋಗುತ್ತದೆ. ಯಂತ್ರ ತನ್ನ ಕೆಲಸಕ್ಕೆ ಇಟ್ಟುಕೊಳ್ಳುವುದನ್ನೂ ಕಳೆದರೆ, ಪ್ರೋಗ್ರಾಮನ್ನು ಟೇಪ್ ಕ್ಯಾಸೆಟ್ಟಿನಲ್ಲಿ ಉಳಿಸಿ ಕೆಲಸ ಮಾಡುವವರಿಗೆ ಪ್ರೋಗ್ರಾಮಿಗೆ ಉಳಿಯುವುದು 8,704 ಬೈಟ್. ನನ್ನ ಅಕ್ಷರಗಳ ಪಟ್ಟಿ ಮುಗಿಯುವ ಮೊದಲೇ 'ನೋ ರೂಮ್', ಜಾಗ ಇಲ್ಲ, ಅಂತ ಬಂತು. ಬಣ್ಣದ ಆಸೆ ಬಿಟ್ಟು ಮೋಡ್ 4ಕ್ಕೆ ಬಂದೆ. ಕಪ್ಪು ಬಿಳುಪು, ಅಡ್ಡಕ್ಕೆ 320 ಚುಕ್ಕೆ, ಉದ್ದಕ್ಕೆ 256. ಪರದೆಗೆ 10 ಕೆಬಿ ಸಾಕು. ಪ್ರೋಗ್ರಾಮಿಗೆ 18,944 ಬೈಟ್ ಉಳಿಯಿತು.

ಮೋಡ್ 4ರ ಪರದೆ 22528ನೇ ವಿಳಾಸದಿಂದ ಶುರು. ?22528=255 ಅಂತ, ಅಂದರೆ ಆ ವಿಳಾಸದಲ್ಲಿ 255 ಇಡು ಅಂತ ಹೊಡೆದರೆ, ಎಡ ಮೇಲ್ತುದಿಯಲ್ಲಿ ಎಂಟು ಚುಕ್ಕೆಯ ಒಂದು ಸಣ್ಣ ಗೆರೆ ಬೀಳುತ್ತದೆ. ಮುಂದಿನ ವಿಳಾಸಕ್ಕೆ ಬರೆದರೆ ಆ ಗೆರೆಯ ಪಕ್ಕಕ್ಕೆ ಹೋಗಬೇಕು ಅಲ್ವಾ? ಹೋಗುವುದಿಲ್ಲ. ಅದರ ಕೆಳಗೆ ಬೀಳುತ್ತದೆ. ಹೀಗೆ ಎಂಟು ಬೈಟ್ ಕೆಳಗಿಳಿದು ಒಂದು ಅಕ್ಷರದ ಮನೆ ತುಂಬಿದ ಮೇಲೆ ಒಂಬತ್ತನೆಯದು ಪಕ್ಕದ ಮನೆಯ ತಲೆಗೆ ಹೋಗುತ್ತದೆ. ಸಾಲಿಗೆ 40 ಮನೆ, ಅಂದರೆ 320 ಬೈಟ್. ಅಂಥವು 32 ಸಾಲು.

ನನಗೆ ಈ ಜೋಡಣೆ ಬಹಳ ಇಷ್ಟವಾಯಿತು. ಅಕ್ಷರ ಬರೆಯುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಒಂದು ಕನ್ನಡ ಅಕ್ಷರಕ್ಕೆ ಅಗಲ ಎರಡು ಮನೆ, ಎತ್ತರ ಎರಡು ಮನೆ. ಮೇಲಿನ ಅರ್ಧಕ್ಕೆ 16 ಬೈಟ್, 320 ಕೂಡಿಸಿ ಕೆಳಗಿನ ಅರ್ಧಕ್ಕೆ 16. ಇನ್ನೊಂದು 320 ಕೂಡಿಸಿದರೆ ಒತ್ತಕ್ಷರದ ಜಾಗ. ತಲೆಕಟ್ಟು, ಮೈ, ಒತ್ತು ಮೂರಕ್ಕೂ ಅದರದರ ಸಾಲು. ರಾತ್ರಿ ಊಟ ಆದ ಮೇಲೆ ಚೌಕುಳಿ ಪುಸ್ತಕ ಹಿಡಿದು ಕೂರುತ್ತಿದ್ದೆ. ದಿನಕ್ಕೆ ಎರಡು ಮೂರು ಅಕ್ಷರ. 'ಣ' ಮತ್ತು 'ಞ' ಮೂರು ಸಲ ಅಳಿಸಿ ಬರೆದೆ. ನನ್ನ ಹೆಂಡತಿ ದೂರದಲ್ಲಿ ನಿಂತು, "ಇದು 'ಪ' ಥರ ಇದೆ, 'ಷ' ಥರ ಇಲ್ಲ" ಅಂತ ತಿದ್ದುತ್ತಿದ್ದಳು. ಅವಳ ಕಣ್ಣು ನನ್ನದಕ್ಕಿಂತ ಚುರುಕು.

ಪ್ರೋಗ್ರಾಮ್ ಹೀಗಿತ್ತು. ಗೋಡೆಯ ಮೇಲೆ ಒಂದು ಚಾರ್ಟು. ಪ್ರತಿ ಅಕ್ಷರಕ್ಕೂ ಒಂದು ನಂಬರ್. ಮಗು ನಂಬರ್ ಹೊಡೆದು ರಿಟರ್ನ್ ಕೀಲಿ ಒತ್ತಿದರೆ ಪರದೆಯ ಮೇಲ್ಭಾಗದಲ್ಲಿ, ಬೋರ್ಡಿನ ತಲೆಬರಹದ ಹಾಗೆ, ಆ ಅಕ್ಷರ ಮೂಡುತ್ತದೆ. ನಂಬರ್ ಕೇಳುವ ಪ್ರಶ್ನೆ ಪರದೆಯ ನಡುವೆ, 12ನೇ ಸಾಲಿನಲ್ಲಿತ್ತು. ಮಕ್ಕಳು ವಾರಗಟ್ಟಲೆ ಆಡಿದರು. ಒಂದು ದಿನವೂ ತಪ್ಪಲಿಲ್ಲ.

ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಇತ್ತು. ಹಿಂದಿನ ಸಂಜೆ ಹೆಡ್‌ಮಾಸ್ಟರು ಬಂದು ನೋಡಿದರು. "ಪ್ರಶ್ನೆ ಕೆಳಗೆ ಇದ್ದರೆ ಚೆಂದ ಕಾಣುತ್ತೆ ಮೇಷ್ಟ್ರೇ" ಅಂದರು. ನನಗೂ ಹೌದು ಅನಿಸಿತು. 12 ಇದ್ದದ್ದನ್ನು ತೆಗೆದು 31 ಹಾಕಿದೆ. ಯಂತ್ರ ಸಾಲುಗಳನ್ನು 0ಯಿಂದ ಎಣಿಸುವುದರಿಂದ ಅದೇ ಪರದೆಯ ಕೊನೆಯ ಸಾಲು. ಒಂದೇ ಒಂದು ಸಂಖ್ಯೆ ಬದಲಾಗಿದೆ, ಇದಕ್ಕೆ ಇನ್ನೇನು ಪರೀಕ್ಷೆ ಅಂದುಕೊಂಡು ಕ್ಯಾಸೆಟ್ಟಿಗೆ ಸೇವ್ ಮಾಡಿ ಬೀಗ ಹಾಕಿದೆ.

ಮಾರನೇ ದಿನ ಮೊದಲು ಬಂದದ್ದು ನಮ್ಮ ತರಗತಿಯ ಒಬ್ಬ ಹುಡುಗಿ, ಅವಳ ಅಮ್ಮನ ಜೊತೆ. ಆ ತಾಯಿ ಹೊಲದ ಕೆಲಸ ಬಿಟ್ಟು ಬಂದಿದ್ದರು. ಹುಡುಗಿ, "ಅಮ್ಮ ಅಂತ ಬರೀತೀನಿ ನೋಡು" ಅಂದಳು. 1 ಹೊಡೆದು ರಿಟರ್ನ್ ಒತ್ತಿದಳು. 'ಅ'ದ ಕೆಳಗಿನ ಅರ್ಧ ಪರದೆಯ ತುತ್ತತುದಿಗೆ ಅಂಟಿಕೊಂಡಿತ್ತು. ಮೇಲಿನ ಅರ್ಧ ಪರದೆಯ ಬುಡದಲ್ಲಿ, ಪ್ರಶ್ನೆಯ ಸಾಲಿನಲ್ಲಿ ಬಿದ್ದಿತ್ತು. ಹುಡುಗಿ ನನ್ನ ಮುಖ ನೋಡಿದಳು. ಇನ್ನೊಂದು ಸಲ ಅಂದೆ. 'ಮ್ಮ' ಹೊಡೆದಳು. ಈ ಸಲ ತಲೆಕಟ್ಟೂ ಮೈಯೂ ಎರಡೂ ಬುಡದಲ್ಲಿ. ಕೆಳಗಿರಬೇಕಾದ ಒತ್ತು ಮಾತ್ರ ಒಂಟಿಯಾಗಿ ಮೇಲೆ.

ಯಂತ್ರ ಆರಿಸಿ, ಕ್ಯಾಸೆಟ್ ಹಾಕಿ, ಮತ್ತೆ ಲೋಡ್ ಮಾಡಿದೆ. ಅದೇ ಕತೆ. ಆ ತಾಯಿ, "ಇರಲಿ ಬಿಡಿ ಸ್ವಾಮಿ, ಇನ್ನೊಂದು ಸಲ ಬರ್ತೀವಿ" ಅಂತ ಸಮಾಧಾನ ಹೇಳಿ ಹೋದರು. ನನಗೆ ಗಂಟಲು ಕಟ್ಟಿತು. ಎಷ್ಟು ರಾತ್ರಿ ಕೂತು ಬರೆದ ಅಕ್ಷರ!

ಸಂಜೆ ಎಲ್ಲರೂ ಹೋದ ಮೇಲೆ ಒಬ್ಬನೇ ಕೂತೆ. ದೊಡ್ಡ ಪ್ರೋಗ್ರಾಮ್ ಪಕ್ಕಕ್ಕಿಟ್ಟು ಒಂದು ಗೆರೆಯಿಂದ ಶುರು ಮಾಡಿದೆ. ?22688=255. ಮೊದಲ ಸಾಲಿನ ನಡುವೆ ಗೆರೆ ಬಂತು. ಸರಿ. ರಿಟರ್ನ್ ಒತ್ತುತ್ತಾ ಹೋದೆ. ಕರ್ಸರ್ ಬುಡ ಮುಟ್ಟಿತು. ಇನ್ನೊಂದು ಒತ್ತಿದೆ. ಇಡೀ ಪರದೆ ಒಂದು ಸಾಲು ಮೇಲೆ ಸರಿಯಿತು, ಗೆರೆ ಮೇಲಿನಿಂದ ಮಾಯವಾಯಿತು. ಈಗ ಅದನ್ನೇ ಮತ್ತೆ ಹೊಡೆದೆ. ಗೆರೆ ಮೇಲೆ ಬರಲಿಲ್ಲ, ಪರದೆಯ ಬುಡದ ಹತ್ತಿರ ಬಂತು. ನಾಲ್ಕು ಸಲ ರಿಟರ್ನ್ ಒತ್ತಿದೆ. ಗೆರೆ ನಾಲ್ಕು ಸಾಲು ಮೇಲೇರಿತು. ಆಗ ?22688=0 ಅಂತ ಹೊಡೆದೆ. ಮೇಲೇರಿದ ಗೆರೆಯೇ ಅಳಿಸಿಹೋಯಿತು!

ವಿಳಾಸ ಬದಲಾಗಿಲ್ಲ. ಅದು ಕಾಣುವ ಜಾಗ ಬದಲಾಗಿದೆ.

ಮೇಲೆ ಸರಿಸುವುದು ಅಂದರೆ ಯಂತ್ರ ಪ್ರತಿ ಸಾಲನ್ನೂ ಎತ್ತಿ ಅದರ ಮೇಲಿನ ಸಾಲಿನಲ್ಲಿ ಇಡುತ್ತದೆ ಅಂತ ನಾನು ನಂಬಿದ್ದೆ. ಹಾಗೆ ಮಾಡಿದರೆ ಒಂದು ಸಾಲು ಸರಿಸಲು ಹತ್ತು ಸಾವಿರ ಬೈಟ್ ಎತ್ತಿ ಇಡಬೇಕು. 2 ಮೆಗಾಹರ್ಟ್ಸ್‌ನ 6502 ಚಿಪ್ಪಿಗೆ ಅದು ಭಾರದ ಕೆಲಸ. ಅದಕ್ಕೇ ಅದನ್ನು ಕಟ್ಟಿದವರು ಬೇರೆ ಉಪಾಯ ಮಾಡಿದ್ದಾರೆ. ಪರದೆಗೆ ಚಿತ್ರ ಕಳಿಸುವ ಕೆಲಸದಲ್ಲಿ 6845 ಅನ್ನುವ ಇನ್ನೊಂದು ಚಿಪ್ಪಿದೆ. ಎಲ್ಲಿಂದ ಓದಲು ಶುರು ಮಾಡಬೇಕು ಅನ್ನುವುದನ್ನು ಮಾತ್ರ ಅದಕ್ಕೆ ಹೇಳುತ್ತಾರೆ. 22528ರ ಬದಲು 22848ರಿಂದ ಓದು ಅಂದರೆ ಸಾಕು, ಎರಡನೇ ಸಾಲು ಮೊದಲನೆಯದಾಗಿ ಕಾಣುತ್ತದೆ. ಬಿಟ್ಟುಹೋದ ಮೊದಲ ಸಾಲನ್ನು ಒರೆಸಿ ಕೊನೆಯ ಸಾಲಾಗಿ ತೋರಿಸುತ್ತದೆ. ಬೈಟುಗಳು ಇದ್ದಲ್ಲೇ ಇರುತ್ತವೆ.

ಕೊನೆಯ ಸಾಲಿನಲ್ಲಿ ರಿಟರ್ನ್ ಒತ್ತಿದಾಗಲೆಲ್ಲ ಹೀಗೆ ಒಂದು ಸಾಲು ಸುತ್ತುತ್ತದೆ. 12ನೇ ಸಾಲಿನಲ್ಲಿ ಪ್ರಶ್ನೆ ಇದ್ದಾಗ ಸುತ್ತುವ ಪ್ರಸಂಗವೇ ಬಂದಿರಲಿಲ್ಲ. ಅಂದರೆ ತಪ್ಪು ಮೊದಲ ದಿನದಿಂದಲೂ ಪ್ರೋಗ್ರಾಮಿನಲ್ಲಿತ್ತು, ಹಿಂದಿನ ಸಂಜೆ ನಾನು ಅದಕ್ಕೆ ಬಾಗಿಲು ತೆರೆದೆ ಅಷ್ಟೇ.

(ಅದೇ ಕಾಲದ ಸಿಂಕ್ಲೇರ್ ಸ್ಪೆಕ್ಟ್ರಮ್‌ನಲ್ಲಿ ಈ ಸುತ್ತಾಟ ಇಲ್ಲ. ಅಲ್ಲಿ 16384 ಯಾವಾಗಲೂ ಎಡ ಮೇಲ್ತುದಿಯೇ. ಆದರೆ ಪರದೆಯನ್ನು ಮೂರು ಪಾಲು ಮಾಡಿ, ಪ್ರತಿ ಪಾಲಿನೊಳಗೆ ಗೆರೆಗಳ ಕ್ರಮ ಬೇರೆ ರೀತಿಯಲ್ಲಿ ಜೋಡಿಸಿದ್ದಾರೆ. ಒಂದೊಂದು ಯಂತ್ರಕ್ಕೆ ಒಂದೊಂದು ಸ್ವಭಾವ.)

ಸೋಮವಾರ ತರಗತಿಯಲ್ಲಿ ಗೆರೆಯ ಆಟ ಮಕ್ಕಳಿಗೂ ತೋರಿಸಿದೆ. ಅದೇ ಹುಡುಗಿ ಎದ್ದು ನಿಂತು, "ಸಾರ್, ಇದು ಜಾತ್ರೆ ತೊಟ್ಟಿಲು ಇದ್ದ ಹಾಗೆ ಅಲ್ವಾ? ಒಂದನೇ ನಂಬರ್ ಪೆಟ್ಟಿಗೆ ಯಾವಾಗಲೂ ಮೇಲೇ ಇರಲ್ಲ" ಅಂದಳು. ಇದಕ್ಕಿಂತ ಚೆನ್ನಾಗಿ ನಾನು ಇವತ್ತಿಗೂ ವಿವರಿಸಲಾರೆ. ಮೆಮೊರಿ 32767ಕ್ಕೆ ಮುಗಿದ ಕೂಡಲೇ ಪರದೆಯ ಮುಂದಿನ ಸಾಲು ತಿರುಗಿ 22528ಕ್ಕೆ ಬರುತ್ತದೆ. ಪಕ್ಕಾ ತೊಟ್ಟಿಲು.

ಆ ದಿನಕ್ಕೆ ಸುಲಭದ ಮದ್ದು ಸಿಕ್ಕಿತು. ಅಕ್ಷರ ಬರೆಯುವ ಮುಂಚೆ ಪರದೆ ಒರೆಸುವ ಆಜ್ಞೆ ಹಾಕಿದರೆ ತೊಟ್ಟಿಲು ಮೊದಲಿನ ಜಾಗಕ್ಕೆ ಬರುತ್ತದೆ. ಆದರೆ ಪ್ರತಿ ಸಲ ಒರೆಸಿದರೆ ಪದ ಕಟ್ಟುವುದು ಹೇಗೆ? 'ಅ' ಅಳಿಸಿ 'ಮ್ಮ' ಬಂದರೆ 'ಅಮ್ಮ' ಆಗುವುದಿಲ್ಲವಲ್ಲ.

ತರಬೇತಿ ಕೊಟ್ಟ ಕಾಲೇಜಿನ ಮೇಷ್ಟ್ರಿಗೆ ಇನ್‌ಲ್ಯಾಂಡ್ ಪತ್ರ ಬರೆದೆ. ನನ್ನ ಗೆರೆಯ ಪ್ರಯೋಗವನ್ನು ಪೂರ್ತಿ ಬರೆದಿದ್ದೆ, ಏನು ಹೊಡೆದೆ, ಎಲ್ಲಿ ಕಾಣಿಸಿತು ಅಂತ. ಸುಮ್ನೆ 'ಕೆಲಸ ಮಾಡುತ್ತಿಲ್ಲ' ಅಂತ ಬರೆದಿದ್ದರೆ ಅವರಾದರೂ ಏನು ಹೇಳಲು ಆಗುತ್ತಿತ್ತು? ವಾರದೊಳಗೆ ಉತ್ತರ ಬಂತು. 848 ಮತ್ತು 849ನೇ ವಿಳಾಸ ನೋಡಿ, ಪರದೆಯ ಎಡ ಮೇಲ್ತುದಿ ಈಗ ಎಲ್ಲಿದೆ ಅಂತ ಯಂತ್ರ ಅಲ್ಲಿ ಬರೆದಿಟ್ಟಿರುತ್ತದೆ, ಅಂತ ಇತ್ತು.

ನೋಡಿದೆ. ಪರದೆ ಹೊಸದಾಗಿದ್ದಾಗ 0 ಮತ್ತು 88. 88ನ್ನು 256ರಿಂದ ಗುಣಿಸಿದರೆ 22528. ಒಂದು ಸಾಲು ಸರಿದ ಮೇಲೆ 64 ಮತ್ತು 89. ಲೆಕ್ಕ ಹಾಕಿದೆ, 22848. ನನಗೆ ಬೇಕಾದ ಉತ್ತರ ಯಂತ್ರದ ಒಳಗೇ ಇತ್ತು. ನಾನು ಕೇಳಿರಲಿಲ್ಲ.

ಪ್ರೋಗ್ರಾಮಿನಲ್ಲಿ 22528 ಅಂತ ಇದ್ದ ಕಡೆಯಲ್ಲೆಲ್ಲ ಆ ಸಂಖ್ಯೆ ತೆಗೆದೆ. ಅದರ ಬದಲು ಪ್ರತಿ ಅಕ್ಷರಕ್ಕೂ ಮೊದಲು 848, 849 ಓದಿ ಅಲ್ಲಿಂದ ಎಣಿಸುವ ಹಾಗೆ ಮಾಡಿದೆ. ಎಣಿಕೆ 32767 ದಾಟಿದರೆ 10240 ಕಳೆಯುವುದು. ಒಂದು ಸಾಲಿಗೆ 320, ಒಟ್ಟು 32 ಸಾಲು. ಹಾಗಾಗಿ ತಿರುವು ಯಾವಾಗಲೂ ಸಾಲಿನ ಅಂಚಿಗೇ ಬರುತ್ತದೆ, ಅಕ್ಷರದ ನಡುವೆ ಬರುವುದಿಲ್ಲ. ಹಾಗಾಗಿ ತಲೆ, ಮೈ, ಒತ್ತು ಈ ಮೂರು ಕಡೆ ಒಂದೊಂದು ಸಲ ನೋಡಿದರೆ ಸಾಕು. ಜೊತೆಗೆ ಪದದಲ್ಲಿ ಹಿಂದೆ ಬಂದ ಅಕ್ಷರಗಳನ್ನು ನೆನಪಿಟ್ಟುಕೊಂಡು, ರಿಟರ್ನ್ ಒತ್ತಿದಾಗಲೆಲ್ಲ ಪದವನ್ನು ಮೊದಲಿಂದ ಬರೆಯುವ ಹಾಗೂ ಮಾಡಿದೆ. ಬೇಸಿಕ್‌ನಲ್ಲಿ ಅದು ನಿಧಾನ. ಅಕ್ಷರ ಒಂದೊಂದೇ ಗೆರೆಯಾಗಿ ಮೂಡುವುದು ಕಣ್ಣಿಗೆ ಕಾಣುತ್ತಿತ್ತು. ಮಕ್ಕಳಿಗೆ ಅದೇ ಜಾಸ್ತಿ ಇಷ್ಟ.

ಯಂತ್ರದ ಜೊತೆ ಬಂದ ದಪ್ಪ ಪುಸ್ತಕವನ್ನು ಆಮೇಲೆ ಮೊದಲ ಪುಟದಿಂದ ಓದಿದೆ. ಮುಂಚೆ ಬೇಕಾದ ಪುಟ ಮಾತ್ರ ತಿರುವುತ್ತಿದ್ದೆ. ಇನ್ನೊಂದು ರೂಢಿಯೂ ಬಂತು. ಏನೇ ಬದಲಾಯಿಸಿದರೂ, ಒಂದು ಸಂಖ್ಯೆಯೇ ಆಗಿರಲಿ, ಒಂದು ಮಗುವನ್ನು ಕರೆದು ಕೂರಿಸುತ್ತಿದ್ದೆ. ಕೈಗೆ ಬಂದದ್ದನ್ನೆಲ್ಲ ಒತ್ತು ಅನ್ನುತ್ತಿದ್ದೆ. ನಾನು ಒತ್ತಿದರೆ ಸರಿಯಾದ ಕೀಲಿಯನ್ನೇ ಒತ್ತುತ್ತೇನೆ, ಅದರಿಂದ ಏನೂ ತಿಳಿಯುವುದಿಲ್ಲ.

ಆ ತಾಯಿಗೆ ಹೇಳಿ ಕಳಿಸಿದೆ. ಒಂದು ಶನಿವಾರ ಬೆಳಗಿನ ಶಾಲೆ ಮುಗಿಯುವ ಹೊತ್ತಿಗೆ ಬಂದರು. ಹುಡುಗಿ ಮೊದಲು ಸುಮ್ಮನೆ ಹತ್ತು ಸಲ ರಿಟರ್ನ್ ಒತ್ತಿದಳು. ನನಗೆ ಗೊತ್ತಾಯಿತು, ನನ್ನ ಪರವಾಗಿ ಪರೀಕ್ಷೆ ಮಾಡುತ್ತಿದ್ದಾಳೆ. ಆಮೇಲೆ 1 ಹೊಡೆದಳು. ಆಮೇಲೆ 'ಮ್ಮ'ದ ನಂಬರ್. ತಲೆಕಟ್ಟು ಮೊದಲು ಬಂತು, ಮೈ ಬಂತು, ಕೊನೆಗೆ ಒತ್ತು ನಿಧಾನಕ್ಕೆ ಕೆಳಗೆ ಕೂತಿತು. ಆ ತಾಯಿ ಎದ್ದು ಬಂದು, ಪರದೆಗೆ ಬೆರಳು ತಾಗಿಸಿ, ಒತ್ತಿನ ಸುತ್ತನ್ನು ಒಂದು ಸಲ ತಿದ್ದಿದರು.