ಫ್ಯಾನ್ ಸದ್ದಿಗೆ ಹೊಸ ಫ್ಯಾನ್ ಒಂದೇ ಮದ್ದಲ್ಲ

ಕಂಪ್ಯೂಟರ್ ಜಾಸ್ತಿ ಸದ್ದು ಮಾಡುತ್ತಿದೆ ಅಂದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ, ಫ್ಯಾನ್ ಚೇಂಜ್ ಮಾಡಿಸಿ. ಕೆಲವು ಸಲ ಅದು ಸರಿಯೇ. ಆದರೆ ಎಷ್ಟೋ ಸಲ ಫ್ಯಾನ್ ಚೆನ್ನಾಗಿಯೇ ಇರುತ್ತದೆ, ಅದನ್ನು ಓಡಿಸುವ ರೀತಿ ಸರಿ ಇರುವುದಿಲ್ಲ. ಇದನ್ನು ದುಡ್ಡು ಖರ್ಚಿಲ್ಲದೆ ಮನೆಯಲ್ಲೇ ಸರಿ ಮಾಡಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತುಮಕೂರಿನಲ್ಲಿ ಬಿ.ಎಚ್. ರಸ್ತೆಗೆ ಹತ್ತಿರದ ಚಿಕ್ಕ ಮನೆ. ಕಂಪ್ಯೂಟರ್ ಇರುವುದು ಹಾಲ್‌ನಲ್ಲಿ, ಅಮ್ಮ ಮಲಗುವುದೂ ಅಲ್ಲೇ. ರಾತ್ರಿ ನಾನು ಡಿಟಿಪಿ ಕೆಲಸ ಮಾಡುತ್ತಾ ಕೂತರೆ ಅಮ್ಮ ಕೇಳುತ್ತಿದ್ದರು, "ಏನೋ ಅದು, ಸುಮ್ನೆ ಇದ್ದಿದ್ದು ಇದ್ದಕ್ಕಿದ್ದಂಗೆ ಕೂಗುತ್ತಲ್ಲ?" ಇಡೀ ತೊಂದರೆ ಆ ಮಾತಲ್ಲೇ ಇದೆ. ಒಂದೇ ಸಮ ಬರುವ ಸದ್ದಿಗೆ ಕಿವಿ ಒಗ್ಗಿಹೋಗುತ್ತದೆ. ಸೀಲಿಂಗ್ ಫ್ಯಾನ್ ಕೆಳಗೆ ಎಲ್ಲರೂ ನಿದ್ದೆ ಮಾಡುತ್ತೇವೆ, ಅಲ್ವಾ? ಏರುತ್ತಾ ಇಳಿಯುತ್ತಾ ಇರುವ ಸದ್ದು ಹಾಗಲ್ಲ, ಏರಿದಾಗಲೆಲ್ಲ ಎಬ್ಬಿಸಿಬಿಡುತ್ತದೆ.

ಈಗಿನ ಪ್ರೊಸೆಸರ್‌ಗಳು ಬ್ರೌಸರ್‌ನಲ್ಲಿ ಒಂದು ಪುಟ ತೆರೆದರೂ ಒಂದೆರಡು ಸೆಕೆಂಡ್ ಜೋರಾಗಿ ಓಡುತ್ತವೆ. 45 ಡಿಗ್ರಿ ಇದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ 65 ಆಗುತ್ತದೆ, ಮತ್ತೆ ಇಳಿಯುತ್ತದೆ. ಅಷ್ಟರಲ್ಲಿ ಮೇಲಿನ ಹೀಟ್ ಸಿಂಕ್, ಅಂದರೆ ಪ್ರೊಸೆಸರ್ ಬಿಸಿ ಹೀರಿಕೊಳ್ಳುವ ಲೋಹದ ತುಂಡು, ಇನ್ನೂ ಬಿಸಿಯೇ ಆಗಿರುವುದಿಲ್ಲ. ಫ್ಯಾನ್ ಮಾತ್ರ ಆ ಅಂಕಿ ನೋಡಿ ಎದ್ದು ಓಡುತ್ತದೆ, ಒಂದು ಉಪಯೋಗವೂ ಇಲ್ಲದೆ.

ಸಿಸ್ಟಮ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ಸ್ ಪುಟಕ್ಕೆ, ಹೋಗಿ. ಏಸಸ್ ಮದರ್‌ಬೋರ್ಡ್‌ಗಳಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್ ಅಂತ ಇರುತ್ತದೆ. ಅಲ್ಲಿ ಒಂದು ಗೆರೆ ಕಾಣುತ್ತದೆ, ಇಷ್ಟು ಬಿಸಿಗೆ ಇಷ್ಟು ವೇಗ ಅಂತ. ನಾನು 60 ಡಿಗ್ರಿವರೆಗೆ ಆ ಗೆರೆಯನ್ನು 35 ಪರ್ಸೆಂಟ್‌ನಲ್ಲಿ ಚಪ್ಪಟೆ ಮಾಡಿದೆ, ಆಮೇಲೆ ನಿಧಾನಕ್ಕೆ ಏರಿಸಿ 85ಕ್ಕೆ ಪೂರ್ತಿ ವೇಗ ಕೊಟ್ಟೆ. ಫ್ಯಾನ್ ಸ್ಟೆಪ್ ಅಪ್ ಟೈಮ್ ಥರ ಏನಾದರೂ ಆಯ್ಕೆ ಇದ್ದರೆ ಅದನ್ನೂ ಕೆಲವು ಸೆಕೆಂಡ್ ಜಾಸ್ತಿ ಮಾಡಿ. ಬಿಸಿ ನಿಜವಾಗಿ ಏರಿ ಹಾಗೇ ಉಳಿದರೆ ಮಾತ್ರ ಫ್ಯಾನ್ ಏಳುತ್ತದೆ. ಅವತ್ತಿನಿಂದ ಅಮ್ಮ ಅದರ ಸುದ್ದಿ ಎತ್ತಿಲ್ಲ.

ವೇಗ ಇಳಿಸುವುದರಲ್ಲಿ ಎಷ್ಟು ಲಾಭ ಇದೆ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. ಫ್ಯಾನ್ ವೇಗ ಅರ್ಧ ಆದರೆ ಗಾಳಿ ಸುಮಾರು ಅರ್ಧ ಆಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೇ ಕಿವಿಗೆ ಅರ್ಧ ಆದಂಗೆ ಕೇಳುತ್ತದೆ. ಅದಕ್ಕೇ 80 ಮಿಲಿಮೀಟರ್ ಫ್ಯಾನ್ ಜೋರಾಗಿ ತಿರುಗುವುದಕ್ಕಿಂತ 120ರ ಫ್ಯಾನ್ ನಿಧಾನಕ್ಕೆ ತಿರುಗುವುದು ಯಾವತ್ತೂ ಮೇಲು.

ಇನ್ನೊಂದು, ಕ್ಯಾಬಿನೆಟ್ ಫ್ಯಾನ್ ಯಾವಾಗಲೂ ಫುಲ್ ಸ್ಪೀಡ್‌ನಲ್ಲೇ ಓಡುತ್ತಿದ್ದರೆ ಅದರ ವೈರ್ ನೋಡಿ. ಮೂರು ಪಿನ್ನಿನ ಫ್ಯಾನ್ ಹಾಕಿ ಬಯೋಸ್‌ನಲ್ಲಿ ಪಿಡಬ್ಲ್ಯುಎಂ (ನಾಲ್ಕನೇ ವೈರ್ ಮೂಲಕ ವೇಗ ಬದಲಿಸುವ ರೀತಿ) ಅಂತ ಬಿಟ್ಟಿದ್ದರೆ ಅದು ಇಳಿಯುವುದೇ ಇಲ್ಲ, ಯಾಕೆಂದರೆ ಇಷ್ಟು ವೇಗದಲ್ಲಿ ತಿರುಗು ಅಂತ ಹೇಳುವ ಆ ವೈರ್ ಅದಕ್ಕಿಲ್ಲ, ಬೋರ್ಡ್ ಸುಮ್ನೆ 12 ವೋಲ್ಟ್ ಕೊಡುತ್ತಾ ಕೂರುತ್ತದೆ. ಡಿಸಿ ಅಂತ ಬದಲಾಯಿಸಿ, ಆಗ ಬೋರ್ಡ್ ವೋಲ್ಟೇಜ್ ಇಳಿಸಿಯೇ ವೇಗ ಇಳಿಸುತ್ತದೆ. ಅಷ್ಟೇ.

ಇನ್ನು ಧೂಳು. ನಮ್ಮ ಕಡೆ ಬೇಸಿಗೆಯಲ್ಲಿ ಬೆಳಿಗ್ಗೆ ಒರೆಸಿದ ಟೇಬಲ್ ಮೇಲೆ ಸಂಜೆಗೆ ಬೆರಳಲ್ಲಿ ಹೆಸರು ಬರೆಯಬಹುದು. ಆ ಧೂಳೆಲ್ಲ ಕ್ಯಾಬಿನೆಟ್ ಒಳಗೂ ಹೋಗುತ್ತದೆ. ಬ್ಲೋಯರ್ ಹಿಡಿದು ಮೇಲಿಂದ ಊದಿದರೆ ಬರುವುದು ಮೇಲಿನ ಪುಡಿ ಮಾತ್ರ. ಪ್ರೊಸೆಸರ್ ಫ್ಯಾನ್ ಬಿಚ್ಚಿ ನೋಡಿ, ಫ್ಯಾನಿಗೂ ಹೀಟ್ ಸಿಂಕ್‌ಗೂ ಮಧ್ಯೆ ಬೂದು ಬಣ್ಣದ ಧೂಳಿನ ಪದರ ಕೂತಿರುತ್ತದೆ, ಒಂದು ಮೂಲೆ ಹಿಡಿದು ಎಳೆದರೆ ಪೂರ್ತಿ ಹಾಳೆಯೇ ಎದ್ದು ಬರುತ್ತದೆ. ಗಾಳಿ ಹೋಗುವ ದಾರಿಯೇ ಮುಚ್ಚಿದ್ದರೆ ಫ್ಯಾನ್ ಎಷ್ಟು ತಿರುಗಿದರೆ ಏನು ಬಂತು? ಉಳಿದದ್ದನ್ನು ಪೇಂಟ್ ಬ್ರಷ್‌ನಲ್ಲಿ ತೆಗೆಯಿರಿ. ಬ್ಲೋಯರ್ ಬಳಸುವುದಾದರೆ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಊದಿ, ಇಲ್ಲದಿದ್ದರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು. ಹೀಟ್ ಸಿಂಕ್ ಎತ್ತಿದರೆ ಹಳೆ ಥರ್ಮಲ್ ಪೇಸ್ಟ್ (ಪ್ರೊಸೆಸರ್ ಬಿಸಿಯನ್ನು ಹೀಟ್ ಸಿಂಕ್‌ಗೆ ದಾಟಿಸುವ ಲೇಪ) ಪೂರ್ತಿ ಒರೆಸಿ ಹೊಸದು ಹಾಕಬೇಕು, ಬಟಾಣಿಗಿಂತ ಚಿಕ್ಕ ಚುಕ್ಕೆ ಸಾಕು.

ಇಷ್ಟಾದರೂ ಸದ್ದು ಇದ್ದರೆ ಯಾವುದು ಅಂತ ಹುಡುಕಿ. ಪೇಪರ್ ಸುರುಳಿ ಸುತ್ತಿ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದೇ ಫ್ಯಾನ್ ಹತ್ತಿರ ಹಿಡಿದರೆ ಗೊತ್ತಾಗುತ್ತದೆ. ಬೆಳಿಗ್ಗೆ ಆನ್ ಮಾಡಿದಾಗ ಗರಗರ ಅಂದು ಆಮೇಲೆ ಕಡಿಮೆಯಾದರೆ ಬೇರಿಂಗ್ ಎಣ್ಣೆ ಒಣಗಿದೆ ಅಂತ ಲೆಕ್ಕ. ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಬಿಟ್ಟರೆ ಸ್ವಲ್ಪ ದಿನ ನಡೆಯುತ್ತದೆ, ಆದರೆ ಆ ಫ್ಯಾನ್ ಬದಲಾಯಿಸುವುದೇ ಒಳ್ಳೆಯದು. ಗುಂಯ್ ಅಂತ ಒಂದೇ ಸಮ ಬಂದು ಕ್ಯಾಬಿನೆಟ್ ಮುಟ್ಟಿದಾಗ ಕಂಪಿಸಿದರೆ ಅದು ಹಾರ್ಡ್ ಡಿಸ್ಕ್ ಇರಬಹುದು. ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಅದರ ಸ್ಕ್ರೂಗೆ ರಬ್ಬರ್ ವಾಷರ್ ಹಾಕಿ. ಪವರ್ ಸಪ್ಲೈ ಡಬ್ಬವನ್ನು ಮಾತ್ರ ದಯವಿಟ್ಟು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪ್ಯಾಸಿಟರ್‌ನಲ್ಲಿ ಕರೆಂಟ್ ನಿಂತಿರುತ್ತದೆ, ಜೀವಕ್ಕೇ ಅಪಾಯ.

ಕಂಪ್ಯೂಟರ್ ಟೇಬಲ್ಲಿನ ಮುಚ್ಚಿದ ಗೂಡಲ್ಲಿ ಕ್ಯಾಬಿನೆಟ್ ಇಟ್ಟಿದ್ದರೆ ಮೊದಲು ಹೊರಗೆ ತೆಗೆಯಿರಿ. ಬಿಟ್ಟ ಬಿಸಿ ಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತಿರುತ್ತದೆ. ಮತ್ತೆ, ಡಿಸೆಂಬರ್‌ನಲ್ಲಿ ಹಾಕಿದ ಗೆರೆ ಏಪ್ರಿಲ್‌ಗೆ ಹೊಂದುವುದಿಲ್ಲ. ಕೋಣೆ 10 ಡಿಗ್ರಿ ಬಿಸಿಯಾದರೆ ಪ್ರೊಸೆಸರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ಬೇಸಿಗೆಯಲ್ಲಿ ಇನ್ನೊಂದು ಸಲ ನೋಡಿಕೊಳ್ಳಿ.

ಹೊಸ ಫ್ಯಾನ್ ತರಲೇಬೇಕು ಅಂತಾದರೆ, ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಬೇಕಾದಷ್ಟು ಸಿಗುತ್ತವೆ. ನಾಲ್ಕು ಪಿನ್ನಿನದೇ ಕೇಳಿ, ಫ್ಲೂಯಿಡ್ ಬೇರಿಂಗ್ (ಎಣ್ಣೆಯ ಪದರದ ಮೇಲೆ ತಿರುಗುವಂಥದ್ದು) ಇದ್ದರೆ ಇನ್ನೂ ಒಳ್ಳೆಯದು, ಲೈಟ್ ಇರುವುದಕ್ಕೆ ಸುಮ್ನೆ ಜಾಸ್ತಿ ಕೊಡಬೇಡಿ. ರೈಲು ಹತ್ತುವ ಮೊದಲು ಹಳೆಯದರ ಸ್ಕ್ರೂ ತೂತುಗಳ ಅಂತರ ಸ್ಕೇಲ್ ಇಟ್ಟು ಅಳೆಯಿರಿ. 105 ಮಿಲಿಮೀಟರ್ ಬಂದರೆ ನಿಮಗೆ ಬೇಕಾದ್ದು 120ರ ಫ್ಯಾನ್.